ಏಣಿ ತರಲು ಹೋಗಿ ತಂದ ಬಟ್ಟಲು

ನಮ್ಮಪ್ಪ ಏಣಿ ತರುತ್ತೇನೆಂದು ಹೋಗಿ ಬಟ್ಟಲು ತಂದ. ಈಗ ನನ್ನ ಮನೆಗೆ ಬಂದು, ಗೋಡೆಯುದ್ದಕ್ಕೂ ಇಟ್ಟಿರುವ ಬರ್ಮಾದ ಗಂಟೆ, ಜಾವಾದ ಮುಖವಾಡ, ಟಿಬೆಟ್ಟಿನ ದೀಪಗಳನ್ನು ನೋಡಿದವರೆಲ್ಲ ಕೇಳುವುದು ಒಂದೇ: ನಿಮ್ಮ ಹಿರಿಯರು ಹಡಗಿನ ಕೆಲಸದಲ್ಲಿದ್ದರೇ, ಇಲ್ಲಾ ರಾಯಭಾರಿಗಳೇ? ಎರಡೂ ಅಲ್ಲ. ನಮ್ಮ ಹಿರಿಯರು ಜಕ್ಕೂರು ಕೆರೆಯ ಕೆಳಗೆ ರಾಗಿ ಬೆಳೆದವರು, ಆಮೇಲೆ ದ್ರಾಕ್ಷಿ ಬೆಳೆದವರು. ನಮ್ಮ ಅಜ್ಜಿ ಸಾಯುವ ತನಕ ಸಮುದ್ರ ನೋಡಲಿಲ್ಲ. ಅಪ್ಪ ವಾರಕ್ಕೊಮ್ಮೆ ಮಂಕರಿಗಳಲ್ಲಿ ಹಣ್ಣು ತುಂಬಿಕೊಂಡು ಹೋಗಿ ದಂಡಿನ ಕಡೆಯ, ಎಂದರೆ ಕಂಟೋನ್ಮೆಂಟಿನ, ಬಂಗಲೆಗಳಿಗೆ ಹಾಕಿ ಬರುತ್ತಿದ್ದ. ಅಂಥ ಒಂದು ಬಂಗಲೆಯಲ್ಲಿ ಒಬ್ಬಳೇ ಇದ್ದ ವಯಸ್ಸಾದ ಬಿಳಿ ಹೆಂಗಸು ತೀರಿಕೊಂಡಳು, ಅವಳ ಸಾಮಾನೆಲ್ಲ ಹರಾಜಿಗೆ ಬಂತು. ಅಲ್ಲೊಂದು ಒಳ್ಳೆಯ ತೇಗದ ಏಣಿ ಇದ್ದದ್ದು ಅಪ್ಪನಿಗೆ ಗೊತ್ತಿತ್ತು. ಚಪ್ಪರದ ಬಳ್ಳಿ ಸವರಲು ನಮಗೆ ಏಣಿ ಬೇಕಿತ್ತು. ಆದರೆ ಅದನ್ನು ಬೇರೆ ಯಾರೋ ಕೂಗಿಕೊಂಡು ಹೋದರು. ಬರಿಗೈಯಲ್ಲಿ ಹೇಗೆ ಹೋಗುವುದು ಎಂದು ಸುತ್ತ ನೋಡುತ್ತಿದ್ದ ಅಪ್ಪನಿಗೆ, ಮುರಿದ ಕುರ್ಚಿಗಳ ಅಡಿಯಲ್ಲಿ ಬೋರಲು ಬಿದ್ದಿದ್ದ ಆ ಮರದ ಬಟ್ಟಲು ಕಂಡಿತು.

ಅಗಲದಲ್ಲಿ ಅದು ನಮ್ಮ ರಾಗಿ ಕೇರುವ ಮೊರದಷ್ಟಿತ್ತು. ಒಂದೇ ಮರದ ತುಂಡಿನಲ್ಲಿ ಕೆತ್ತಿದ್ದು, ಕಾಲುಗಳೂ ಅದರವೇ, ಎಲ್ಲೂ ಮೊಳೆಯಿಲ್ಲ, ಅಂಟಿಲ್ಲ. ಅಂಚಿನ ಕೆಳಗೆ ಒಂದು ಕಡೆ ಗುಬಟಿನಂಥದ್ದು, ಅದರಲ್ಲೊಂದು ತೂತು. ಒಳಗೆಲ್ಲ ಬೂದುನೀಲಿ ಬಣ್ಣದ ಪೊರೆ, ಮುಟ್ಟಿದರೆ ಗಾಜಿನಷ್ಟು ನುಣುಪು. ಬುಡದಲ್ಲಿ ಬಿಳಿ ಬಣ್ಣದಿಂದ ಯಾರೋ ಬರೆದಿದ್ದರು: ಫಿಜಿ. ಅಷ್ಟೇ. ಹರಾಜು ಕೂಗುವವನು ಇದು ಯಾವುದೋ ದ್ವೀಪದವರ ಪೂಜೆಯ ಸಾಮಾನು ಎಂದಿದ್ದನಂತೆ. ಅಪ್ಪ ಬುದ್ಧಿವಂತನಾಗಿದ್ದರೆ ಆ ಮಾತನ್ನು ಅಲ್ಲೇ ಬಿಟ್ಟು ಬರುತ್ತಿದ್ದ. ಮನೆ ತನಕ ಹೊತ್ತು ತಂದು ಅಜ್ಜಿಯ ಮುಂದೆ ಇಟ್ಟ.

ನಮ್ಮದು ಹೆಂಚಿನ ಮನೆ. ವಿಮಾನ ಹಾರಿಸಲು ಕಲಿಸುವ ಬಯಲು ಪಕ್ಕದಲ್ಲೇ ಇದ್ದುದರಿಂದ ಒಂದೊಂದು ವಿಮಾನ ಹಾದಾಗಲೂ ನಡುಮನೆಯ ಹೆಂಚು ಗಡಗಡ ಎನ್ನುತ್ತಿತ್ತು. ಅಜ್ಜಿ ಒಂದು ದಿನವೂ ತಲೆಯೆತ್ತಿ ನೋಡಿದವಳಲ್ಲ. "ಓಯ್ತಾವೆ, ಬತ್ತಾವೆ, ಮಾಡಕ್ಕೊಂದು ಗೇಮೆ ಇಲ್ಲ" ಎಂದು ಮುದ್ದೆ ತೊಳಸುತ್ತಿದ್ದಳು. ಮೇಲಿನಿಂದ ಏನು ಹಾದುಹೋದರೂ ಅವಳಿಗೆ ಚಿಂತೆಯಿರಲಿಲ್ಲ, ಹೊಸ್ತಿಲು ದಾಟಿ ಒಳಗೆ ಬರುವುದರ ಮೇಲೆ ಮಾತ್ರ ಅವಳ ಅಧಿಕಾರ. ಹೊಸ ಮೊರ ಬರಲಿ, ಒನಕೆ ಬರಲಿ, ಕರು ಬರಲಿ, ಸೊಸೆ ಬರಲಿ, ಹೊಸ್ತಿಲ ಆಚೆ ನಿಲ್ಲಿಸಿ, ನೀರು ಚಿಮುಕಿಸಿ, ಅರಿಸಿನ ಕುಂಕುಮ ಇಟ್ಟು, ನೀನು ಯಾರ ಮನೆಯದು, ಇಲ್ಲಿ ಏನು ಕೆಲಸ ಮಾಡುತ್ತೀ ಎಂದು ಮನಸ್ಸಿನಲ್ಲೇ ವಿಚಾರಿಸಿ ಒಳಗೆ ಬಿಡುತ್ತಿದ್ದಳು. ನಮ್ಮಮ್ಮ ಯಶವಂತಪುರದವಳು, ರೈಲ್ವೆ ಮನೆಗಳಲ್ಲಿ ಬೆಳೆದವಳು, ಇಂಗ್ಲಿಷ್ ಓದಿದವಳು. ತನ್ನನ್ನು ಒಳಗೆ ಬಿಡುವ ಮೊದಲು ಅಜ್ಜಿ ಕರುವನ್ನು ನೋಡುವ ಹಾಗೆಯೇ ನೋಡಿದ್ದಳು ಎಂದು ಅಮ್ಮ ನಗುತ್ತ ಹೇಳುತ್ತಿದ್ದಳು.

"ಏಣಿ ಎಲ್ಲಿ?" ಎಂದಳು ಅಜ್ಜಿ.

"ಏಣಿ ಸಿಗ್ಲಿಲ್ಲ ಕಣವ್ವ. ಇದು ಸಿಕ್ತು."

"ಏನ್ಲಾ ಇದು, ಮರಿಗೆನಾ? ಹಿಟ್ಟು ಕಲೆಸಾಕಾ?"

"ಅಲ್ಲವ್ವ. ಪೂಜೆ ಸಾಮಾನಂತೆ."

"ಯಾವ ದ್ಯಾವ್ರ ಪೂಜೆ?"

"ಗೊತ್ತಿಲ್ಲ."

"ಯಾವ ದ್ಯಾವ್ರದು ಅಂತ ಗೊತ್ತಿಲ್ದೆ ಒಳಿಕ್ಕೆ ತಂದ್ಬುಡಾದಾ? ನಾಳೆ ಅದರ ವಾರಸ್ದಾರ ಬಂದು ಬಾಗ್ಲಲ್ಲಿ ನಿಂತ್ರೆ ಏನ್ ಜವಾಬ್ ಕೊಡ್ತೀಯ?"

ಅಪ್ಪ ಬಟ್ಟಲನ್ನು ಎತ್ತಿಕೊಂಡು ಜಗುಲಿಗೆ ಹೋದ. ಆ ಸಂಜೆ ಅಲ್ಲೇ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ಕರೆದ. ಕಣ್ಣು ಮುಚ್ಚು ಎಂದ. ನನ್ನ ಬೆರಳುಗಳನ್ನು ಹಿಡಿದು ಅದರ ಅಂಚಿನ ಮೇಲೆ ನಿಧಾನವಾಗಿ ಸುತ್ತಿಸಿದ. ಒಂದು ಕಡೆ ಅಂಚು ಸವೆದು ಒಳಕ್ಕೆ ತಗ್ಗಿತ್ತು.

"ಸಿಕ್ತಾ? ಇಲ್ಲಿ ಯಾರೋ ಕೈ ಇಡ್ತಿದ್ರು ಕಣಮ್ಮ. ದಿನಾ ಒಂದೇ ಕಡೆ. ಅವ್ರು ಯಾರೋ, ಏನು ಮಾಡ್ತಿದ್ರೋ ನಂಗೊತ್ತಿಲ್ಲ. ಆದ್ರೆ ಇಲ್ಲಿ ಕೈ ಇಟ್ರೆ ಅವ್ರ ಕೈ ಮೇಲೆ ಕೈ ಇಟ್ಟಂಗಾಗುತ್ತೆ."

ಹಳೆಯ ವಸ್ತುಗಳ ಬಗ್ಗೆ ಆಮೇಲೆ ನಾನು ಎಷ್ಟೋ ಪುಸ್ತಕ ಓದಿದೆ, ದೊಡ್ಡ ದೊಡ್ಡವರು ಹೇಳಿದ್ದನ್ನು ಕೇಳಿದೆ. ಆ ಸಂಜೆಯ ಪಾಠಕ್ಕೆ ಹೆಚ್ಚೇನೂ ಸೇರಲಿಲ್ಲ. ಇವತ್ತಿಗೂ ಯಾವ ವಸ್ತುವನ್ನೇ ಕೊಳ್ಳಲು ಹೋದರೂ ಮೊದಲು ಸವೆದ ಜಾಗ ಹುಡುಕುತ್ತೇನೆ. ಅಪ್ಪ ಕೊಟ್ಟ ಆಸ್ತಿಯಲ್ಲಿ ಉಳಿದದ್ದು ಈ ಪಾಠ, ಈ ಸಾಮಾನು ಅಷ್ಟೇ, ನೆಲವೆಲ್ಲ ಈಗ ಅಪಾರ್ಟ್‌ಮೆಂಟು.

ಅಜ್ಜಿ ಸುಮ್ಮನೆ ಬೈಯುವವಳಲ್ಲ, ಪಂಚಾಯಿತಿ ಮಾಡಿ ತೀರ್ಮಾನ ಕೊಡುವವಳು. ಮಾರನೆಯ ಸೋಮವಾರ ತೋಟದ ಮೂಲೆಯ ಮುನೇಶ್ವರನ ಕಲ್ಲಿಗೆ ನೀರೆರೆದು, ಕಲ್ಲಿನ ಹಣೆಗೆ ಒದ್ದೆ ಹೂವೊಂದನ್ನು ಅಂಟಿಸಿ, ಈ ಬಟ್ಟಲು ನಮ್ಮ ಮನೆಯಲ್ಲಿ ಇರಬಹುದೇ ಎಂದು ಕೇಳಿದಳು. ಬಲಕ್ಕೆ ಹೂ ಬಿದ್ದರೆ ಇರಲಿ, ಎಡಕ್ಕೆ ಬಿದ್ದರೆ ಬೇಡ. ನಮ್ಮಲ್ಲಿ ಬೋರ್‌ವೆಲ್ ಕೊರೆಸುವುದರಿಂದ ಹಿಡಿದು ಹೆಣ್ಣು ನೋಡುವ ತನಕ ಎಲ್ಲಕ್ಕೂ ಹೂವೇ ಕೋರ್ಟು. ನಾವೆಲ್ಲ ಕಲ್ಲಿನ ಸುತ್ತ ನಿಂತೆವು. ಹೂ ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಬಿಸಿಲೇರಿತು, ಹೂ ಬಾಡಿತು, ಹಣೆಯ ಮೇಲೇ ಅಂಟಿಕೊಂಡಿತ್ತು. ಅಪ್ಪನ ಮುಖ ಪೆಚ್ಚಾಯಿತು. ಅಜ್ಜಿ ಮಾತ್ರ ಒಂದಿಷ್ಟೂ ಗಲಿಬಿಲಿಯಾಗದೆ ತೀರ್ಪು ಹೇಳಿದಳು.

"ಅವ್ನ ವಸ್ತು ಅಲ್ಲ, ಅದ್ಕೇ ಮಾತಾಡ್ತಿಲ್ಲ. ಅವರಿವರ ಮನೆ ವಿಸ್ಯಕ್ಕೆ ನಮ್ಮ ಮುನೇಸ್ವರಪ್ಪ ಬಾಯಿ ಹಾಕಾದಿಲ್ಲ. ಇದರ ಜನ ಯಾರೋ ಅವ್ರನ್ನೇ ಕೇಳ್ಬೇಕು. ಅವ್ರು ಇಟ್ಕೊಳ್ರಿ ಅಂದ್ರೆ ಇರ್ಲಿ. ಬ್ಯಾಡ ಅಂದ್ರೆ ಕೊಟ್ಟು ಕಳ್ಸಾದು. ಅಲ್ಲೀಗಂಟ ಅಟ್ಟದ ಮ್ಯಾಗಿರ್ಲಿ."

ಫಿಜಿಯ ಜನರನ್ನು ಜಕ್ಕೂರಿನಲ್ಲಿ ಎಲ್ಲಿ ಹುಡುಕುವುದು? ಅಪ್ಪ ಬಟ್ಟಲನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದ. ಅದು ಹೋದರೆ ಅವನಿಗೆ ಏನಾಗುತ್ತದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೆಲವು ಸಂಜೆ ಅಟ್ಟ ಹತ್ತಿ ಸುಮ್ಮನೆ ಅದರ ಮುಂದೆ ಕೂತು ಬರುತ್ತಿದ್ದ. ಅಮ್ಮ ಅದಕ್ಕೆ "ನಿಮ್ಮಪ್ಪ ಎರಡನೇ ಸಂಸಾರ ನೋಡೋಕೆ ಹೋಗಿದಾರೆ" ಎನ್ನುತ್ತಿದ್ದಳು.

ಆದರೆ ಚಟ ಹತ್ತಿತ್ತು. ಹರಾಜಿನ ಕಡೆ ಕಾಲು ಎಳೆಯುತ್ತಿತ್ತು. ಅಪ್ಪ ಒಂದೊಂದಾಗಿ ತಂದ, ಅಜ್ಜಿ ಒಂದೊಂದನ್ನೂ ಹೊಸ್ತಿಲಲ್ಲಿ ವಿಚಾರಿಸಿದಳು. ಬರ್ಮಾದ ಕಂಚಿನ ಗಂಟೆ ಬಂದಾಗ ಬೆರಳಲ್ಲಿ ತಟ್ಟಿ, ಗಂಟೆ ಯಾರದಾದರೂ ಗಂಟೆಯೇ ಎಂದು ಒಳಗೆ ಬಿಟ್ಟಳು. ಟಿಬೆಟ್ಟಿನ ಬೆಣ್ಣೆ ದೀಪಕ್ಕೂ ಅಡ್ಡಿಯಾಗಲಿಲ್ಲ, ದೀಪ ಬೇಡ ಎನ್ನುವ ಮನೆ ಯಾವುದು? ತನಗೆ ಕೆಲಸ ಗೊತ್ತಾದ ವಸ್ತುವನ್ನು ಅವಳು ಸೇರಿಸಿಕೊಳ್ಳುತ್ತಿದ್ದಳು, ಸೇರಿಸಿಕೊಂಡ ಮೇಲೆ ಕೆಲಸಕ್ಕೂ ಹಚ್ಚುತ್ತಿದ್ದಳು. ಜಾವಾದ ಮುಖವಾಡ, ಹೊರಳಿಸಿದ ಕಣ್ಣು, ಕೋರೆಹಲ್ಲಿನದು, ಬಂದ ವಾರದಲ್ಲೇ ಕಾಣೆಯಾಯಿತು. ಹುಡುಕಿದರೆ ತೋಟದ ಬಾಗಿಲ ಕಂಬದ ಮೇಲೆ ದೃಷ್ಟಿಬೊಂಬೆಯಾಗಿ ನಿಂತಿತ್ತು, ಕತ್ತಿನಲ್ಲಿ ಮೆಣಸಿನಕಾಯಿ ನಿಂಬೆಹಣ್ಣಿನ ಸರ. ಮಳೆ ಬರುವ ಮೊದಲು ಅಪ್ಪ ಓಡಿಹೋಗಿ ಇಳಿಸಿಕೊಂಡು ಬಂದ. ಆ ವರ್ಷ ದ್ರಾಕ್ಷಿ ಚೆನ್ನಾಗಿ ಬಂತು, ಅದನ್ನು ಇಳಿಸಿದ್ದಕ್ಕೆ ಇನ್ನೂ ಚೆನ್ನಾಗಿ ಬರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು.

ದೊಡ್ಡ ಜಗಳವಾದದ್ದು ಜಪಾನಿನ ಧೂಪದಾನಿಯಿಂದ. ಕಂಚಿನದು, ಮೇಲೆ ಹಸಿರುಕಂದು ಬಣ್ಣದ ಪದರ. ನೂರಾರು ವರ್ಷದ ಹೊಗೆ, ಗಾಳಿ, ಕೈಗಳು ಸೇರಿ ಆಗಿದ್ದ ಪದರ ಅದು, ಹಳೆಯ ಕಂಚಿನ ಜೀವವೇ ಅಲ್ಲಿರುತ್ತದೆ. ಗೌರಿಹಬ್ಬದ ಹಿಂದಿನ ದಿನ ನಮ್ಮ ಹಿತ್ತಲಿನಲ್ಲಿ ಮನೆಯ ಹಿತ್ತಾಳೆ ಕಂಚೆಲ್ಲ ಹುಣಸೆಹಣ್ಣು, ಬೂದಿ ಕಂಡು ಹೊಳೆಯಬೇಕು, ಅದು ಕಾನೂನು. ಅಪ್ಪ ಹಣ್ಣಿನ ಮಂಡಿಯಿಂದ ಬರುವ ಹೊತ್ತಿಗೆ ಧೂಪದಾನಿಯೂ ಚೊಂಬು ತಟ್ಟೆಗಳ ಸಾಲಿನಲ್ಲಿ ಬಿಸಿಲಿಗೆ ಕೂತಿತ್ತು, ಮೊನ್ನೆ ಅಂಗಡಿಯಿಂದ ತಂದ ಹಾಗೆ ಥಳಥಳ.

"ಅವ್ವ, ಇದನ್ನ ಯಾಕವ್ವ ಉಜ್ಜಿದೆ?"

"ಪಾಚಿ ಕಟ್ಟಿತ್ತು ಕಣ್ಲಾ. ರಟ್ಟೆ ಬಿದ್ದೋಯ್ತು ನಂಗೆ. ನೋಡು ಈಗ, ಮದುವಣಗಿತ್ತಿ ಅಂಗೈತೆ."

ಅಪ್ಪ ಬಾವಿಕಟ್ಟೆಯ ಮೇಲೆ ಕೂತುಬಿಟ್ಟ. ಹಬ್ಬದ ದಿನವೂ ಅಜ್ಜಿಯೊಡನೆ ಮಾತಾಡಲಿಲ್ಲ. ಒಬ್ಬಟ್ಟನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಅಜ್ಜಿಗೆ ತಾನು ಮಾಡಿದ್ದೇನೆಂದು ಅರ್ಥವಾಗಲಿಲ್ಲ, ಮಗ ಒಬ್ಬಟ್ಟು ಬಿಟ್ಟದ್ದು ಅರ್ಥವಾಯಿತು. ಕೊನೆಗೆ ಅಮ್ಮ ಇಬ್ಬರ ನಡುವೆ ನಿಂತು, ನೋಡಿ ಅತ್ತೆ, ನಿಮ್ಮ ತಲೆಗೂದಲು ಬಿಳಿಯಾಗಿದೆಯಲ್ಲ, ಯಾರಾದರೂ ರಾತ್ರೋರಾತ್ರಿ ಕಪ್ಪು ಬಳಿದು ಚೆನ್ನಾಗಿ ಕಾಣ್ತೀಯ ಹೋಗು ಅಂದ್ರೆ ನಿಮಗೆ ಹೇಗಾಗುತ್ತೆ, ಹಾಗೆ, ಎಂದಳು. ಅಜ್ಜಿ ತನ್ನ ತುರುಬು ಮುಟ್ಟಿ ನೋಡಿಕೊಂಡಳು. ಅಂದಿನಿಂದ ಹುಣಸೆಹಣ್ಣು ಅಪ್ಪನ ಸಾಮಾನಿನ ಹತ್ತಿರ ಸುಳಿಯಲಿಲ್ಲ. ನಮ್ಮ ಮನೆಯಲ್ಲಿ ಜಗಳಗಳು ಹೀಗೆ ಮುಗಿಯುತ್ತಿದ್ದವು, ಯಾರೂ ತಪ್ಪಾಯಿತು ಎನ್ನುತ್ತಿರಲಿಲ್ಲ, ಆದರೆ ಮಾರನೆಯ ದಿನದಿಂದ ಬೇರೆ ಥರ ನಡೆದುಕೊಳ್ಳುತ್ತಿದ್ದರು.

ಹೆಬ್ಬಾಳದಲ್ಲಿ ಬೇಸಾಯ ಓದುವ ಹುಡುಗರನ್ನು ಮೇಷ್ಟರುಗಳು ದ್ರಾಕ್ಷಿ ತೋಟ ತೋರಿಸಲು ನಮ್ಮಲ್ಲಿಗೆ ಕರೆತರುತ್ತಿದ್ದರು. ಹಾಗೆ ಬಂದ ಗುಂಪೊಂದರಲ್ಲಿ ದಪ್ಪ ಗುಂಗುರು ಕೂದಲಿನ, ಬಾಗಿಲು ತುಂಬುವಂಥ ಆಳೊಬ್ಬ ಇದ್ದ. ಯಾವ ಊರಪ್ಪ ಎಂದು ಅಪ್ಪ ಎಲ್ಲರನ್ನೂ ಕೇಳುವ ಹಾಗೆ ಕೇಳಿದ. ಅವನು ಫಿಜಿ ಎಂದ. ಅಪ್ಪ ಕೈಯಲ್ಲಿದ್ದ ಕತ್ತರಿಯನ್ನು ಅಲ್ಲೇ ಬಿಟ್ಟು, ಪಾಠ ಮಾಡುತ್ತಿದ್ದ ಮೇಷ್ಟರನ್ನೂ ಬಿಟ್ಟು, ಅವನ ಕೈ ಹಿಡಿದು ಮನೆಗೆ ಎಳೆದುಕೊಂಡು ಬಂದ. ಹೆಸರು ತೋಮಸಿ. ಅಟ್ಟದಿಂದ ಬಟ್ಟಲು ಇಳಿಯಿತು, ಸೀರೆ ಬಿಚ್ಚಿಕೊಂಡಿತು. ತೋಮಸಿ ನೋಡಿದವನೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ನಮ್ಮ ಹಾಗೆಯೇ ಕೂರುತ್ತಾನಲ್ಲ ಎಂದು ಅಜ್ಜಿಗೆ ಅರ್ಧ ಸಮಾಧಾನವಾಯಿತು.

ಅಮ್ಮ ನಡುವೆ ನಿಂತು ಅಜ್ಜಿ, ತೋಮಸಿ ಇಬ್ಬರ ಮಾತನ್ನೂ ಆಚೀಚೆ ದಾಟಿಸಿದಳು. ಇದು ದೇವರಲ್ಲ, ತಮ್ಮ ಊರಿನಲ್ಲಿ ಒಂದು ಬೇರನ್ನು ಪುಡಿಮಾಡಿ ನೀರಲ್ಲಿ ಕಲಸಿ, ಎಲ್ಲರೂ ಸುತ್ತ ಕೂತು ಕುಡಿಯುವ ಬಟ್ಟಲು, ಮದುವೆಗೆ, ಸಾವಿಗೆ, ರಾಜಿಗೆ, ಅತಿಥಿ ಬಂದರೆ, ಎಲ್ಲಕ್ಕೂ ಇದೇ ಮೊದಲು ಎಂದ ತೋಮಸಿ. ಒಳಗಿನ ನೀಲಿ ಪೊರೆ ಹಾಗೆ ಕುಡಿದು ಕುಡಿದು ಕಟ್ಟಿಕೊಂಡದ್ದು.

"ಎಂಡವಾ?" ಎಂದಳು ಅಜ್ಜಿ, ಹುಬ್ಬು ಗಂಟಿಕ್ಕಿ.

"ಅಲ್ಲ ಅತ್ತೆ, ಬೇರಿನ ಕಷಾಯ."

"ಕಸಾಯ ಅಂದ್ರೆ ಸರಿ. ಕೇಳು ಅವನ್ನ, ಇದನ್ನ ನಾವು ಇಟ್ಕೋಬೋದಾ ಅಂತ."

ತೋಮಸಿ ತಲೆ ಕೆರೆದುಕೊಂಡ. ಅವನು ಹೇಳಿದ್ದನ್ನು ಅಮ್ಮ ನಗು ತಡೆದುಕೊಂಡು ಕನ್ನಡಕ್ಕೆ ತಂದಳು.

"ಅದನ್ನೆಲ್ಲ ಹೇಳೋಕೆ ನಾನ್ಯಾರು, ನಮ್ಮ ಅಜ್ಜಿಯನ್ನ ಕೇಳ್ಬೇಕು ಅಂತಿದಾನೆ ಅತ್ತೆ. ಅಕ್ಕನ ಮದುವೆಗೆ ಊರಿಗೆ ಹೋಗ್ತಾನಂತೆ. ಕೇಳ್ಕೊಂಡು ಬರ್ತಾನಂತೆ."

ಅಜ್ಜಿಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಆ ಕ್ಷಣದಲ್ಲಿ. ಅಷ್ಟು ದೊಡ್ಡ ಆಳು, ಅಜ್ಜಿಯನ್ನು ಕೇಳದೆ ಮಾತು ಕೊಡುವುದಿಲ್ಲ. ಅವನಿಗೆ ಹಿತಕಿದ ಅವರೆಬೇಳೆ ಸಾರು, ಮುದ್ದೆ ಬಡಿಸಿದಳು. ಅವನು ಮುದ್ದೆಯನ್ನು ಅಗಿದು ತಿನ್ನುವುದು ನೋಡಿ, "ನುಂಗಪ್ಪ, ನುಂಗು" ಎಂದು ತಾನೇ ಒಂದು ತುತ್ತು ನುಂಗಿ ತೋರಿಸಿದಳು. ಅವನು ಹೋದ ಮೇಲೆ ಮಗನಿಗೆ ಹೇಳಿದಳು: ಅಲ್ಲಿಯ ಮುದುಕಿ ಏನು ಹೇಳುತ್ತಾಳೋ ಅದೇ ಆಗಬೇಕು, ಕೊಡು ಅಂದರೆ ಕೊಡಬೇಕು. ಅಪ್ಪ ಆಗಲಿ ಎಂದ. ಆ ತಿಂಗಳುಗಳಲ್ಲಿ ಅಪ್ಪ ಅಟ್ಟ ಹತ್ತುವುದು ಹೆಚ್ಚಾಯಿತು.

ತೋಮಸಿ ಮರಳಿ ಬಂದಾಗ ಚೀಲದಲ್ಲಿ ಮೂರು ವಸ್ತು ಇದ್ದವು. ಬೇರಿನ ಪುಡಿಯ ಪೊಟ್ಟಣ, ತೆಂಗಿನ ನಾರಿನಲ್ಲಿ ಅವನ ಅಜ್ಜಿಯೇ ಹೊಸೆದ ಹಗ್ಗ, ಉಜ್ಜಿ ಉಜ್ಜಿ ಕಪ್ಪಗೆ ನುಣುಪಾದ ಒಂದು ತೆಂಗಿನ ಚಿಪ್ಪು. ತನ್ನ ಅಜ್ಜಿಯ ಮಾತನ್ನು ಬಾಯಲ್ಲಿ ತಂದಿದ್ದ. ಬಟ್ಟಲು ಎಲ್ಲಿದ್ದರೂ ಸರಿ, ಒಣಗಲು ಬಿಡಬಾರದು. ಆ ಮನೆಯ ನೆಲದಲ್ಲಿ ದುಡಿಯುವವರು, ಉಣ್ಣುವವರು ಎಲ್ಲರೂ ಸುತ್ತ ಕೂರಬೇಕು. ಚಿಪ್ಪು ಒಂದೇ, ತುಟಿಯಿಟ್ಟು ಪೂರ್ತಿ ಕುಡಿದು ಮುಂದಿನವರಿಗೆ ದಾಟಿಸಬೇಕು. ವಯಸ್ಸಿನಲ್ಲಿ ಹಿರಿಯರಿಗೆ ಮೊದಲು. ಹೀಗೆ ಕೂರಲು ಆಗುತ್ತದೆ ಎಂದರೆ ಇಟ್ಟುಕೊಳ್ಳಲಿ, ಆಗದಿದ್ದರೆ ನೀನು ತೆಗೆದುಕೊಂಡು ಬಾ.

ಅಮ್ಮ ಇದನ್ನು ಹೇಳಿ ಮುಗಿಸಿದಾಗ ಅಪ್ಪ, ನಾನು ಇಬ್ಬರೂ ಅಜ್ಜಿಯ ಕಡೆ ತಿರುಗಿದೆವು. ಯಾಕೆಂದರೆ ನಮ್ಮ ಮನೆಯಲ್ಲಿ ಎಂಜಲು ಎಂಬುದು ಸಣ್ಣ ಮಾತಾಗಿರಲಿಲ್ಲ. ಒಬ್ಬರು ಕಚ್ಚಿ ಕುಡಿದ ಲೋಟದಲ್ಲಿ ಇನ್ನೊಬ್ಬರು ಕುಡಿಯುವಂತಿಲ್ಲ, ನೀರನ್ನು ಎತ್ತಿ ಬಾಯಿಗೆ ಸುರಿದುಕೊಳ್ಳಬೇಕು. ಅದು ಮನೆಯವರಿಗೆ. ತೋಟಕ್ಕೆ ಊರಾಚೆಯ ಕಾಲೋನಿಯಿಂದ ಬರುತ್ತಿದ್ದ ಪಿಳ್ಳಮ್ಮನಿಗೆ ಅದಕ್ಕಿಂತ ಕಠಿಣ ಕಾನೂನು. ಪಿಳ್ಳಮ್ಮನ ಅತ್ತೆ ನಮ್ಮ ಹೊಲದಲ್ಲಿ ದುಡಿದವಳು, ಆಮೇಲೆ ಪಿಳ್ಳಮ್ಮ. ಪ್ರತಿ ಬಳ್ಳಿಯೂ ಅವಳ ಕೈ ಕಂಡಿದ್ದು. ಆದರೆ ಅವಳ ಕಾಫಿಯ ಅಲ್ಯೂಮಿನಿಯಂ ಲೋಟ ಕೊಟ್ಟಿಗೆಯ ಗೋಡೆಯ ಮೇಲೆ ಬೋರಲು ಇರುತ್ತಿತ್ತು. ಅವಳು ಅದನ್ನು ತೊಳೆದು ಹಿಡಿದರೆ ಅಜ್ಜಿ ಮೇಲಿನಿಂದ ಹೊಯ್ಯುತ್ತಿದ್ದಳು. ಲೋಟ ಬರುವುದಕ್ಕೂ ಮೊದಲು ಅಲ್ಲಿ ಇದ್ದದ್ದು ತೆಂಗಿನ ಚಿಪ್ಪು. ಅಜ್ಜಿ ಕೆಟ್ಟವಳಲ್ಲ, ಪಿಳ್ಳಮ್ಮನ ಮೊಮ್ಮಕ್ಕಳಿಗೆ ಜ್ವರ ಬಂದರೆ ರಾಗಿ ಗಂಜಿ ಕಳಿಸುತ್ತಿದ್ದಳು, ಹಬ್ಬಕ್ಕೆ ಸೀರೆ ಕೊಡುತ್ತಿದ್ದಳು. ಆದರೂ ಅದು ಹಾಗೆಯೇ ಇತ್ತು, ಅದನ್ನು ಮುಚ್ಚಿಟ್ಟು ನಾನು ಈ ಮನೆಯ ಕಥೆ ಹೇಳಲಾರೆ.

ಅಪ್ಪ ಎದ್ದು ನಿಂತ.

"ಬಿಡವ್ವ. ನೀನು ಕಷ್ಟಪಡೋದು ಬೇಡ. ತೋಮಸಿ, ತಗೊಂಡು ಹೋಗಪ್ಪ."

ಹೇಳುವಾಗ ಅವನ ಧ್ವನಿ ಸರಿಯಾಗೇ ಇತ್ತು, ಬಟ್ಟಲನ್ನು ಸೀರೆಯಲ್ಲಿ ಸುತ್ತಲು ಹೋದಾಗ ಮಾತ್ರ ಗಂಟು ಕೂರಲಿಲ್ಲ. ಅಜ್ಜಿ ಮಗನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು:

"ಮೊದ್ಲು ಯಾರಿಗಂದೆ?"

"ವಯಸ್ಸಲ್ಲಿ ದೊಡ್ಡೋರಿಗೆ ಅತ್ತೆ" ಎಂದಳು ಅಮ್ಮ.

"ಅಂಗಾದ್ರೆ ಸರಿ. ಬರೋ ಭಾನುವಾರ ಕೂರಾನ. ಬಿಚ್ಚು ಸೀರೆಯ."

ಅವಳ ಲೆಕ್ಕ ಅಮ್ಮನಿಗೆ ತಕ್ಷಣ ತಿಳಿಯಿತು, ನನಗೆ ಆಮೇಲೆ ಹೇಳಿದಳು. ಮನೆಗೆ ಹಿರಿಯಳು ಅಜ್ಜಿಯೇ. ಮೊದಲು ಕುಡಿದವರಿಗೆ ಯಾರ ಎಂಜಲೂ ಇಲ್ಲ. ಅವಳದ್ದನ್ನು ಉಳಿದವರು ಕುಡಿದರೆ ಅದು ಪ್ರಸಾದವಿದ್ದ ಹಾಗೆ. ಬಟ್ಟಲೂ ಉಳಿಯಿತು, ಕಾನೂನೂ ಉಳಿಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದರಲ್ಲಿ ನಮ್ಮ ಅಜ್ಜಿಯನ್ನು ಮೀರಿಸಿದವರಿಲ್ಲ. ಅಪ್ಪನ ಮುಖ ನೋಡಬೇಕಿತ್ತು ಆ ದಿನ, ಕಳೆದುಹೋದ ಹಸು ಮನೆಗೆ ಬಂದ ಹಾಗಿತ್ತು.

ಭಾನುವಾರ ಮಧ್ಯಾಹ್ನ ತೋಟದಲ್ಲಿ ಚಪ್ಪರದ ನೆರಳಿಗೆ ಚಾಪೆ ಹಾಸಿದೆವು. ಮನೆಯೊಳಗಲ್ಲ, ಅಷ್ಟನ್ನು ಅಜ್ಜಿ ಗೆದ್ದಿದ್ದಳು. ತೋಮಸಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಬಟ್ಟಲಿಗೆ ನೀರು ಹೊಯ್ದು, ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿ ಹಿಂಡಿ ಕಲಸಿದ. ಕೆರೆಯ ಕದಡಿದ ನೀರಿನ ಬಣ್ಣ ಬಂತು. ನಾವು ಎಷ್ಟೋ ವರ್ಷ ಇದೇಕೆ ಎಂದು ನೋಡಿದ್ದ ಗುಬಟಿನ ತೂತಿಗೆ ನಾರಿನ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದುಕೊಂಡ. ಹಗ್ಗ ಯಾರ ಕಡೆ ಚಾಚುತ್ತದೋ ಅವರು ಹಿರಿಯರು. ಅಪ್ಪ, ಅಮ್ಮ, ನಾನು, ಎದುರಿಗೆ ಅಜ್ಜಿ. ಪಿಳ್ಳಮ್ಮ ದೂರದಲ್ಲೇ ನಿಂತಿದ್ದಳು, ಅಪ್ಪ ಮತ್ತೆ ಮತ್ತೆ ಕರೆದ ಮೇಲೆ ಬಂದು ಚಾಪೆಯ ಅಂಚಿನಲ್ಲಿ ಕೂತಳು. ಚಿಪ್ಪನ್ನು ನೋಡಿ ಅವಳಿಗೆ ನಗು ಬಂತು.

"ಇದೇನ್ ಸಾಮಿ, ನಮ್ಮ ಹಳೇ ಚಿಪ್ಪೇ ಅಲ್ವಾ?"

ಅಮ್ಮ ತೋಮಸಿಗೆ ಹೇಳಿದಳು. ಅವನಿಗೆ ಆ ನಗು ಯಾಕೆಂದು ತಿಳಿಯಲಿಲ್ಲ. ತಮ್ಮ ಊರಲ್ಲಿ ಊರ ಒಡೆಯ ಕುಡಿಯುವುದು ಇದರಲ್ಲೇ ಎಂದ. ಆಮೇಲೆ ಹಾಸ್ಟೆಲಿನಲ್ಲಿ ಕಲಿತ ಕನ್ನಡದಲ್ಲಿ ಎಲ್ಲರನ್ನೂ ಕೇಳಿದ:

"ಯಾರು ದೊಡ್ಡೋರು?"

ಅಪ್ಪ ಅಜ್ಜಿಯ ಕಡೆ ಕೈ ತೋರಿಸಿದ. ತೋಮಸಿ ಹಗ್ಗವನ್ನು ಅವಳತ್ತ ಚಾಚಿ, ಚಿಪ್ಪು ತುಂಬಿ, ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಬಾಗಿದ. ಅಜ್ಜಿ ಸೆರಗು ಹೊದ್ದುಕೊಂಡು ಕೈ ಚಾಚಿದಳು. ಚಾಚಿದ ಕೈ ನಿಂತಿತು. ಅವಳು ಚಿಪ್ಪನ್ನು ನೋಡಲಿಲ್ಲ, ಆ ಹಗ್ಗವನ್ನು ನೋಡಿದಳು. ಎಲ್ಲೋ ಇರುವ ಒಬ್ಬ ಮುದುಕಿ ತನ್ನನ್ನು ನಂಬಿ ಹೊಸೆದು ಕಳಿಸಿದ ಹಗ್ಗ. ಸುಮ್ಮನೆ ಕುಡಿದಿದ್ದರೆ ನಮಗಾರಿಗೂ ತಿಳಿಯುತ್ತಿರಲಿಲ್ಲ. ಆ ಚಾಪೆಯ ಮೇಲೆ ತಿಳಿದಿದ್ದವಳು ಅವಳಲ್ಲದೆ ಇನ್ನೊಬ್ಬಳೇ, ಆ ಇನ್ನೊಬ್ಬಳು ಯಾವತ್ತೂ ಬಾಯಿ ಬಿಡುತ್ತಿರಲಿಲ್ಲ.

"ನಾನಲ್ಲ" ಎಂದಳು ಅಜ್ಜಿ. "ಪಿಳ್ಳಮ್ಮ ದೊಡ್ಡೋಳು. ನಾನು ಲಗ್ನ ಆಗಿ ಬಂದಾಗ ಅವಳ ಕಂಕ್ಳಲ್ಲಿ ಮಗ ಇತ್ತು. ನನ್ನ ಮೊದಲ್ನೆ ಬಾಣಂತನ ನೋಡ್ದೋಳು ಅವ್ಳೇ."

ಪಿಳ್ಳಮ್ಮ ಚಾಪೆಯಿಂದ ಎದ್ದೇಬಿಟ್ಟಳು.

"ಬ್ಯಾಡಿ ಅಮ್ಮಾರೆ. ನನ್ನಿಂದ ಆಗಾದಿಲ್ಲ. ನಾಳಿಕ್ಕೆ ಯಾರ್ಗಾದ್ರೂ ಏನಾರಾ ಆದ್ರೆ ಅದು ನನ್ಮ್ಯಾಕೆ ಬತ್ತದೆ."

"ಬಂದ್ರೆ ನನ್ಮ್ಯಾಕೆ ಬರ್ಲಿ. ಕೂತ್ಕೋ."

"ಆಮ್ಯಾಕೆ ನೀವು ಕುಡೀತೀರಾ?"

"ಕುಡೀತೀನಿ."

ಪಿಳ್ಳಮ್ಮ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು, ಸಂತೆಯಲ್ಲಿ ಬೀಜ ಕೊಳ್ಳುವವರು ನೋಡುವ ಹಾಗೆ. ಆಮೇಲೆ ಕೂತಳು. ತೋಮಸಿ ಹಗ್ಗವನ್ನು ತಿರುಗಿಸಿದ. ಪಿಳ್ಳಮ್ಮ ಚಿಪ್ಪನ್ನು ತೆಗೆದುಕೊಂಡು ಅಭ್ಯಾಸದಂತೆ ತಲೆಯ ಮೇಲೆ ಎತ್ತಿ ಬಾಯಿ ತೆರೆದಳು.

"ಎತ್ತಬ್ಯಾಡ" ಎಂದಳು ಅಜ್ಜಿ. "ಕಚ್ಚಿ ಕುಡಿ. ಆ ಅಜ್ಜಿ ಅಂಗೇ ಹೇಳಿರಾದು."

ಪಿಳ್ಳಮ್ಮ ಕಚ್ಚಿ ಕುಡಿದಳು, ಒಂದೇ ಉಸಿರಿಗೆ. ತೋಮಸಿ ಚಪ್ಪಾಳೆ ತಟ್ಟಿದ, ಮತ್ತೆ ತುಂಬಿ ಅಜ್ಜಿಗೆ ಕೊಟ್ಟ. ಅಜ್ಜಿಯ ಸೀರೆಯ ಮೇಲೆ ಒಂದಿಷ್ಟು ಚೆಲ್ಲಿತು. ಕಣ್ಣು ಮುಚ್ಚಿಕೊಂಡು ತುಟಿಯಿಟ್ಟು ಪೂರ್ತಿ ಕುಡಿದಳು. ಕುಡಿದ ಮೇಲೆ ಮುಖ ಕಿವುಚಿ ಪಿಳ್ಳಮ್ಮನನ್ನು ಕೇಳಿದಳು:

"ನಿಂಗೂ ನಾಲ್ಗೆ ಜೋಮು ಹಿಡೀತಾ?"

"ಊಂ ಕಣಮ್ಮಾರೆ. ನಂದೂ ಹಿಡಿದೈತೆ."

ಇಬ್ಬರೂ ನಕ್ಕರು. ಅಪ್ಪನ ಸರದಿ ಬಂದಾಗ ಅವನು ಕುಡಿಯಲಾರದೆ ಚಿಪ್ಪು ಹಿಡಿದುಕೊಂಡು ಅಳುತ್ತ ಕೂತಿದ್ದ. ಬಟ್ಟಲು ಉಳಿದದ್ದಕ್ಕೆ ಅತ್ತನೋ, ಅವ್ವನನ್ನು ನೋಡಿ ಅತ್ತನೋ, ಅವನನ್ನು ನಾನು ಕೇಳಲಿಲ್ಲ. ನಾನು ಯಾರೆಂದು ಈಗ ಯಾರಾದರೂ ಕೇಳಿದರೆ, ಸುಳ್ಳು ಸುಲಭವಾಗಿ ಸಿಗುತ್ತಿದ್ದ ಹೊತ್ತಿನಲ್ಲಿ "ನಾನಲ್ಲ" ಎಂದ ಮುದುಕಿಯ ಮೊಮ್ಮಗಳು ಎಂದು ಹೇಳಬೇಕೆನಿಸುತ್ತದೆ. ಅಷ್ಟು ದೊಡ್ಡದನ್ನು ಕಣ್ಣಾರೆ ನೋಡಲು ನನ್ನನ್ನು ಆ ಚಾಪೆಯ ಮೇಲೆ ಕೂರಿಸಿದ್ದಕ್ಕೆ ಅವರೆಲ್ಲರಿಗೂ ನಾನು ಋಣಿ.

ಮಾರನೆಯ ಬೆಳಿಗ್ಗೆ ಪಿಳ್ಳಮ್ಮ ಕೆಲಸಕ್ಕೆ ಬಂದಳು. ಕೊಟ್ಟಿಗೆಯ ಕಡೆ ಹೋಗಲಿಲ್ಲ. ಜಗುಲಿ ಹತ್ತಿ, ಕಂಬಕ್ಕೆ ಒರಗಿ ಕೂತು, ಒಳಗೆ ಕೇಳುವ ಹಾಗೆ ಹೇಳಿದಳು:

"ಕಾಫಿ ಕೊಡಿ ಅಮ್ಮಾರೆ."

ಅಜ್ಜಿ, ಅಮ್ಮ ಇಬ್ಬರೂ ಒಲೆಯ ಮುಂದಿದ್ದರು. ಚಾಪೆ, ಹಗ್ಗ, ಅತಿಥಿ ಏನೂ ಇಲ್ಲದ ಬರೀ ಸೋಮವಾರ ಅದು. ಅಮ್ಮ ಎದ್ದು ಕೊಟ್ಟಿಗೆಯ ಲೋಟ ತರಲು ಹೊರಟಳು. ಅಜ್ಜಿ ಅವಳ ಸೆರಗು ಹಿಡಿದು ನಿಲ್ಲಿಸಿ, ಗೂಡಿನಿಂದ ನಮ್ಮ ಲೋಟಗಳಲ್ಲೊಂದನ್ನು ತೆಗೆದಳು. ಕಾಫಿ ಹೊಯ್ದುಕೊಂಡು ಹೋಗಿ ಪಿಳ್ಳಮ್ಮನ ಕೈಗೇ ಕೊಟ್ಟಳು.